ಕಾಲುಚೀಲ

ನೂರಕ್ಕೊಂದು ಚೀಲ.
ಅರ್ಧ ನೀರು, ಅರ್ಧ ಗಾಳಿ, ಬಾಯಿಗೆ ಎರಡು ಸುತ್ತು ರಬ್ಬರು.
ಹನ್ನೊಂದು ವರ್ಷ ಪಳಗಿದ ಬೆರಳಿಗೆ ಕಣ್ಣು ಬೇಕಿಲ್ಲ:
ಕೆಂಪು ನೂರು, ಹಸಿರು ನೂರು,
ಶುಕ್ರವಾರದ ಲಾರಿ ಹತ್ತಿ, ಮಿನಾಸ್ ಬೆಟ್ಟ ಇಳಿದು
ಸಾವೊ ಪೌಲೊದ ಗಾಜಿನ ಪೆಟ್ಟಿಗೆಗಳಿಗೆ.

ಮೊದಲ ದಿನ ಒಡೆಯ ಓಸ್ಮಾರ್ ಹೇಳಿದ್ದ:
'ಜುಸ್ಸಾರಾ, ಇದು ಬಳಿದ ಬಣ್ಣವಲ್ಲ, ತೊಳೆದರೆ ಹೋಗದು.
ಹವಳದ ಜೀವದಿಂದ ಒಂದೆಳೆ ಕಿತ್ತು
ಈ ಮೀನಿನ ಜೀವಕ್ಕೆ ಹೊಲಿದಿದ್ದಾರೆ.
ತಾಯಿಯಿಂದ ಮರಿಗೆ, ಮರಿಯಿಂದ ಮರಿಮರಿಗೆ.'
ಅಜ್ಜಿಯ ಗಿಡ್ಡ ಮೂಗು ನನ್ನ ಮಗನಿಗೆ ಬಂದ ಹಾಗೆ, ಅಂದುಕೊಂಡೆ.

'ತಪ್ಪಿಸಿಕೊಂಡರೆ?'
ನಕ್ಕ. 'ದೀಪ ಹಚ್ಚಿಕೊಂಡು ಕಳ್ಳತನಕ್ಕೆ ಹೋದವನು
ಎಷ್ಟು ದೂರ ಹೋದಾನು?
ಕಂಡದ್ದೇ ತಡ, ದೊಡ್ಡ ಮೀನು ನುಂಗುತ್ತದೆ.'

ದೊಡ್ಡ ಮೀನು ಇರುವುದು ಜಲಪಾತದ ಕೆಳಗೆ.
ನಮ್ಮ ಹಳ್ಳಕ್ಕೆ ಅದು ಹತ್ತಿ ಬಂದದ್ದನ್ನು
ನನ್ನಪ್ಪನೂ ಕಂಡವನಲ್ಲ.
ಹೇಳಲಿಲ್ಲ.
ಸಂಬಳದ ಮಾತು ಇನ್ನೂ ಮುಗಿದಿರಲಿಲ್ಲ.

ಕೊಳವೆಯ ಬಾಯಿಗೆ ಜಾಲರಿಯಿತ್ತು, ತುಕ್ಕು ತಿಂದಿತು.
ಕೇಳಿದರೆ 'ಮುಂದಿನ ತಿಂಗಳು'.
ಇಗರ್ಜಿಗೆ ಹಾಕುವ ನನ್ನ ನೈಲಾನ್ ಕಾಲುಚೀಲ ತಂದು ಬಿಗಿದೆ.
ಅದರ ಹಿಮ್ಮಡಿಯಲ್ಲಿ ಆಗಲೇ ಒಂದು ತೂತು.

ಮೊನ್ನೆ ವಾಂಡಿನ್ಯೊ
ಕಾಫಿ ಸೋಸುವ ಬಟ್ಟೆ ಕದ್ದು ಹಳ್ಳಕ್ಕೆ ಹೋದ,
ಲಂಬಾರಿ ಹುರಿದುಕೊಡು ಅಂತ.
ತಂದದ್ದು ಡಬ್ಬಿಯಲ್ಲಿ ತುಳುಕಿತು:
ಏಳು ಕೆಂಪು. ಒಂದೇ ಲಂಬಾರಿ,
ತನ್ನ ಮನೆಯಲ್ಲೇ ನೆಂಟನಾದವನ ಹಾಗೆ
ಅಂಚಿಗೊತ್ತಿ ನಿಂತಿತ್ತು.
ಕೆಂಪಿನಲ್ಲೊಂದರ ಹೊಟ್ಟೆ ಬಿರಿಯುವಂತೆ ಉಬ್ಬಿತ್ತು.
ಆ ಉಬ್ಬು ನನಗೆ ಗೊತ್ತು. ತೊಟ್ಟಿಯಲ್ಲಾದರೆ
ಒಡೆಯನನ್ನು ಕೂಗಿ ಕರೆಯುತ್ತಿದ್ದೆ.

ರಾತ್ರಿ ಒಬ್ಬಳೇ ಹೋದೆ, ನೀಲಿ ಟಾರ್ಚು ಹಿಡಿದು.
ಕಲ್ಲಿನ ಸಂದಿಯಲ್ಲಿ ಕೆಂಡ. ಬೇರಿನಡಿ ಕೆಂಡ.
ಲಂಬಾರಿ ಮರಿಗಳ ಪಾಲಿನ ಹುಳು ಮುಕ್ಕುತ್ತ
ತಣ್ಣಗೆ ಉರಿಯುತ್ತಿತ್ತು ಹಳ್ಳ.
ಚೆಂದವಿತ್ತು. ಸುಳ್ಳು ಯಾಕೆ ಹೇಳಲಿ,
ಚೆಂದವಿತ್ತು, ಹೊಟ್ಟೆ ತೊಳಸಿ ಬಂತು.

ಬೆರಳು ತಾನಾಗಿ ಎಣಿಸತೊಡಗಿತು.
ನಲವತ್ತು, ಎಪ್ಪತ್ತು, ನೂರು.
ಚೀಲ ಕಟ್ಟಲು ಕೈ ಎದ್ದಿತು.
ನೂರಾ ಒಂದು.

ಬೆಳಗ್ಗೆ ಕಾಲುಚೀಲ ಬಿಚ್ಚಿದೆ,
ಓಸ್ಮಾರನ ಮೇಜಿನ ಮೇಲೆ, ಬಿಲ್ಲುಗಳ ಮೇಲೆ, ಹಸಿಯಾಗಿಯೇ ಇಟ್ಟೆ.
'ಏನಿದು?'
ಬೆಳಕಿಗೆ ಹಿಡಿದು ನೋಡಿ ಅಂದೆ.
ನೂಲಿನ ನಡುವೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳು,
ಗಾಜಿನ ಹಾಗೆ.
ಬಣ್ಣ ಇನ್ನೂ ಬಂದಿರಲಿಲ್ಲ.