ಬಳೆಗಾರ್ತಿಯ ಪಟ್ಟಿ

ಕಪಾಟಿನ ತಳದಲ್ಲಿ ಸಿಕ್ಕ ಹಾಳೆ, ಮುಟ್ಟಿದರೆ ಅಂಚು ಉದುರುತ್ತದೆ.
ಮುದಗಲ್ಲು, ಮೊದಲ ಚುನಾವಣೆಯ ಪಟ್ಟಿ.
ಗಂಡಸರ ಹೆಸರು ಉದ್ದಕ್ಕೆ, ಅಡ್ಡಹೆಸರು ಸಮೇತ.
ನಡುನಡುವೆ ಮಸಿಯ ಗೆರೆ ಎಳೆದ ಸಾಲುಗಳು:
ಬಸಲಿಂಗನ ಹೆಂಡತಿ. ಹೊಡೆದದ್ದು.
ಬಳೆಗಾರ ಮೌಲಾಸಾಬನ ಹೆಂಡತಿ. ಹೊಡೆದದ್ದು.
ರಾಚೋಟಿಯ ಅಜ್ಜಿ, ವಿಧವೆ. ಎರಡು ಸಲ ಹೊಡೆದದ್ದು,
ಒಂದು ಗೆರೆ ಸಾಲದೆಂಬಂತೆ.

ನಾನು ಅಂಗನವಾಡಿಯವಳು. ಓಟಿನ ಪಟ್ಟಿಯ ಕೆಲಸವೂ ನನ್ನದೇ,
ಮೊಟ್ಟೆ, ತೂಕ, ಪೋಲಿಯೊ ಜೊತೆಗೆ.
ಗೆರೆಗಳ ಕತೆ ನಮ್ಮಜ್ಜಿ ದ್ಯಾಮವ್ವನದು,
ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಹೇಳಿದ್ದು.

ನಿಜಾಮನ ಕಾಲ ಮುಗಿದು ಮೂರು ವರ್ಷ.
ಕಾರಕೂನ ಬಂದ, ಬಗಲಲ್ಲಿ ದಫ್ತರ,
ಉರ್ದುವಿನಲ್ಲಿ ಪಳಗಿ ಕನ್ನಡವನ್ನು ಎಡವುತ್ತ ಬರೆಯುವ ಕೈ.
"ಹೆಸರೇನವ್ವಾ?"
ಬಾಗಿಲ ಸಂದಿಯಲ್ಲಿ ಸೆರಗು ಮಾತಾಡಿತು:
"ಅವರ ಮನಿಯಾಕಿ."
"ಅವರಂದ್ರ ಯಾರು?"
ಗಂಡನ ಹೆಸರು ಎತ್ತುವಂತಿಲ್ಲ.
ತನ್ನದನ್ನು ಈವರೆಗೆ ಯಾರೂ ಕೇಳಿಲ್ಲ.
ಬೀದಿಯ ಹುಡುಗನೊಬ್ಬ ಗಂಡನ ಹೆಸರು ಕೂಗಿದ,
ಕಾರಕೂನ ಬರೆದುಕೊಂಡ.

ಆಮೇಲೆ ಡಿಲ್ಲಿಯಿಂದ ಹುಕುಂ:
ಸ್ವಂತ ಹೆಸರಿಲ್ಲದವರಿಗೆ ಓಟಿಲ್ಲ. ಒಂದು ತಿಂಗಳ ಗಡುವು.

ಅದು ಮಾಬಮ್ಮನ ಕಿವಿಗೆ ಬಿತ್ತು.
ಮಸ್ಕಿ, ಸಂತೆಕೆಲ್ಲೂರು, ಹಟ್ಟಿ, ತಾವರಗೇರಾ,
ಬಳೆಯ ಮಲಾರ ಹೊತ್ತು ತಿರುಗಿದವಳು.
ಗಂಡನ ಮನೆಯ ಪಡಸಾಲೆಗೂ ಅವಳೇ, ತವರಿನ ಕಟ್ಟೆಗೂ ಅವಳೇ.
ನಾಲ್ಕು ವರ್ಷದ ಮುಂಗೈಗೆ ಬಳೆ ತೊಡಿಸುವಾಗ
ತಾಯಿ ಏನೆಂದು ಕರೆದಳು,
ಏಳಕ್ಕೆ ಧಾರೆ ಎರೆದ ಮೇಲೆ ಅತ್ತೆ ಏನೆಂದು ಬದಲಿಸಿದಳು,
ಎಲ್ಲ ಗೊತ್ತು. ಅಕ್ಷರವೊಂದು ಗೊತ್ತಿಲ್ಲ.

ಓಣಿಯ ನಡುವೆ ಚಾಪೆ ಹಾಸಿ ಕೂತಳು.
"ಹೆಸರು ಹೇಳಿದಾಕಿಗೆ ಬಳಿ. ಹೇಳದಾಕಿಗೆ ಇಲ್ಲ.
ದುಡ್ಡಿನ ಮಾತು ಸುಗ್ಗಿಗೆ."
ಯಾರೂ ಬಾಯಿ ಬಿಡಲಿಲ್ಲ.
ಗಂಡನ ಹೆಸರಿಗೆ ನೂರು ಒಡಪು ಕಟ್ಟಿದವರು,
ಮದುವೆಯಲ್ಲಿ, ಕುಬಸದಲ್ಲಿ,
ಹೊಸಿಲಿಗೆ ಅಡ್ಡ ನಿಂತ ನಾದಿನಿಯರ ಮುಂದೆ
ಪಟಪಟನೆ ಉದುರಿಸಿದವರು
ತಮ್ಮದು ಕೇಳಿದರೆ ನೆಲ ನೋಡಿದರು.

"ಒಡಪಿನಾಗ ಹೇಳ್ರಲ್ಲ," ಎಂದಳು ಮಾಬಮ್ಮ.
"ಅವರ ಹೆಸರು ಕೂಡತೈತಿ, ನಿಮ್ಮದು ಕೂಡಂಗಿಲ್ಲೇನು?"

ನಮ್ಮಜ್ಜಿಗೆ ಆಗ ಇಪ್ಪತ್ತೆರಡು. ಕಂಕುಳಲ್ಲಿ ಕೂಸು.
ಎದ್ದು, ಕಾರಕೂನ ಎದುರಿಗೇ ಇದ್ದಾನೆಂಬಂತೆ,
"ಮುದಗಲ್ಲ ಕ್ವಾಟಿಗೆ ಎರಡು ಸುತ್ತು ಕಲ್ಲು,
ನಾನು ದ್ಯಾಮವ್ವ, ಬರಕೊಳ್ಳೋತನ ನಿಲ್ಲು!"

ನಕ್ಕರು. ಆ ನಗೆಯೊಳಗೇ ನೀಲಗಂಗವ್ವ ಎದ್ದಳು,
ಶರೀಫಾ ಎದ್ದಳು, ಪ್ರಾಸ ತಪ್ಪಿದರೂ ಕೂತುಕೊಳ್ಳಲಿಲ್ಲ.
ಕುಂಬಾರ ಓಣಿಯ ರಾಚೋಟಿಯ ಅಜ್ಜಿ ಮಾತ್ರ
"ನನಗ ನೆಪ್ಪಿಲ್ಲ ತಂಗಿ," ಎಂದಳು.

ಮಾಬಮ್ಮ ಅವಳ ಮುಂಗೈ ಹಿಡಿದು
ಗೆಣ್ಣು ಒತ್ತಿ ಒತ್ತಿ ನೋಡಿದಳು.
ಬಹಳ ಹೊತ್ತು.
"ನಿನಗ ಮೊದಲ ಬಳಿ ಇಟ್ಟಾಕಿ ನಮ್ಮವ್ವ.
ಹಟ್ಟ್ಯಾಗ, ಸೇದೋ ಬಾವಿ ಹಂತೇಲಿ ಮನಿ.
ಚಂಪವ್ವ ನೀನು."
ಮುದುಕಿ ಅಳಲಿಲ್ಲ. ಹಸಿರು ಬಳೆ ಕೇಳಿದಳು.
ಗಂಡ ಸತ್ತು ಮೂವತ್ತು ವರ್ಷದ ಕೈಗೆ
ಮಾಬಮ್ಮ ತೊಡಿಸಿದಳು. ಓಣಿ ಸುಮ್ಮನೆ ನೋಡಿತು.

ಹಾಳೆಯ ಕೊನೆಗೆ ಬೇರೆ ಮಸಿಯಲ್ಲಿ
ಹದಿನೇಳು ಹೆಸರು, ಒತ್ತೊತ್ತಾಗಿ. ಹತ್ತನೆಯದು ಚಂಪವ್ವ.
ದೊಡ್ಡ ಮನೆಗಳ ಬಾಗಿಲು ತೆರೆಯಲಿಲ್ಲ, ಆ ಗೆರೆಗಳು ಹಾಗೇ ಇವೆ.
ಮಾಬಮ್ಮ ಎಂದು ನಾಲ್ಕು ಸಲ ಹುಡುಕಿದೆ.
ಕಾರಕೂನ ಅವಳ ಮನೆಗೆ ಹೋದ ದಿನ
ಅವಳು ತಾವರಗೇರಾ ದಾರಿಯಲ್ಲಿದ್ದಳಂತೆ,
ಯಾರದೋ ತವರಿಗೆ ಹೆಸರು ಕೇಳಲು.
ಮತ್ತೆ ಮೇಲಿನ ಸಾಲು ಓದಿದೆ:
ಬಳೆಗಾರ ಮೌಲಾಸಾಬನ ಹೆಂಡತಿ.

ಇವತ್ತು ಹೊಸ ಬಡಾವಣೆ, ಕಬ್ಬಿಣದ ಗೇಟು.
"ಆಧಾರ ಅವರ ಹತ್ರ ಐತ್ರಿ. ಅವರು ಬಂದ ಮ್ಯಾಲ ಬರ್ರಿ."
"ಹೆಸರರ ಹೇಳ ತಂಗಿ."
ಒಳಗೆ ಕುಕ್ಕರ್ ಕೂಗಿತು.
ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತೆ,
"ಒಂದು ಒಡಪು ಹೇಳತೀನಿ, ಕೇಳು," ಎಂದೆ.
ಅವಳು ಗ್ಯಾಸ್ ಆರಿಸಿ ಬಂದಳು.