ಮಂಗಳವಾರ ಉಗುರಿಲ್ಲ

ಮಂಗಳವಾರ ಉಗುರು ಕೊಡೋದಿಲ್ಲ ಅಂದರು.
ಶುಕ್ರವಾರವೂ ಇಲ್ಲ. ಶನಿವಾರ ಶನಿದೇವರದು.
ಹೊತ್ತು ಮುಳುಗಿದ ಮೇಲಂತೂ
ಹೆಸರೆತ್ತಿದ್ದಕ್ಕೇ ಮೂರು ಸಲ ಉಗುಳಿದಳು ಒಬ್ಬ ಮುದುಕಿ.
ಹೀಗೆ ವಾರಕ್ಕೆ ನಾಲ್ಕು ದಿನ ಉಳಿದವು ನನ್ನ ವಿಜ್ಞಾನಕ್ಕೆ.
ಮಿಕ್ಕ ದಿನ ಬರೀ ಪ್ರಶ್ನೆ ಕೇಳುತ್ತೇನೆ.

ಲಿಂಗಸುಗೂರಿನಿಂದ ಬೆಳಗಿನ ಬಸ್ಸು.
ಚೀಲದಲ್ಲಿ ನೂರಿಪ್ಪತ್ತು ಕಾಗದದ ಲಕೋಟೆ,
ಸ್ಪಿರಿಟ್ಟಿನಲ್ಲಿ ತೊಳೆದ ಕತ್ತರಿ,
ಒಪ್ಪಿಗೆ ಪತ್ರ, ಹೆಬ್ಬೆಟ್ಟಿಗೆ ನೀಲಿ ಶಾಯಿ,
ಕುಡಿಯಲು ನನ್ನದೇ ಬಾಟಲಿ.
ಕಿಟಕಿಯಾಚೆ ಗಣಿಯ ಗುಡ್ಡ,
ಬಂಗಾರ ಹಿಂಡಿ ಬಿಸಾಕಿದ ಬೂದು ಚರಟ.
ಗಾಳಿ ಎದ್ದರೆ ಅದೂ ಬಸ್ಸು ಹತ್ತುತ್ತದೆ,
ಟಿಕೆಟ್ಟಿಲ್ಲದೆ.

"ಕೈಯಿಂದಲ್ಲ ಯಕ್ಕ, ಕಾಲಿಂದು. ಹೆಬ್ಬೆರಳು."
"ಯಾಕ? ಕಾಲಿಗೇನ್ ಗೊತ್ತೈತಿ?"
ಹೇಳಿದೆ: ಬುಡದಿಂದ ತುದಿಗೆ ಬರಲು
ವರ್ಷ ಹಿಡಿಯುತ್ತದೆ ಹೆಬ್ಬೆರಳ ಉಗುರು.
ಇವತ್ತು ಕತ್ತರಿಸಿದ್ದು ಹೋದ ವರ್ಷದ ನೀರು.
ಕುಡಿದು ನಾವು ಮರೆತದ್ದನ್ನು
ಮೈ ಹೊತ್ತು ತಂದು ಅಂಚಿಗಿಟ್ಟಿರುತ್ತದೆ,
ಹೊಸ್ತಿಲಾಚೆಗಿಟ್ಟ ಮುಸುರೆಯಂತೆ.

ಹುಲಿಗೆಮ್ಮ ನಕ್ಕಳು.
ರೊಟ್ಟಿ ಬಡಿಯುವಾಗ ಅವಳ ಅಂಗೈ ನೋಡಿದ್ದೆ:
ಜೋಳದ ಕಾಳಿನಂಥ ಗಟ್ಟಿ ಗಂಟುಗಳು.
ಕತ್ತಿನ ಕೆಳಗೆ, ಧೂಳಿಗೆ ನಾಲ್ಕು ಹನಿ ಬಿದ್ದು
ಮಳೆ ಮನಸ್ಸು ಬದಲಿಸಿದಂಥ ಚುಕ್ಕೆ.
"ದುಡಿಯೂ ಕೈ" ಅಂದಳು.
ನಾನು ಹನ್ನೊಂದನೇ ಕಾಲಮ್ಮಿನಲ್ಲಿ ಗುರುತು ಹಾಕಿದೆ.

ಬಂಗಾರದ ಕಲ್ಲಿನೊಳಗೇ ಇರುತ್ತದೆ ಅದು,
ಒಂದೇ ಬಸಿರಿನದು.
ಹಳಬರು ಪಾಷಾಣ ಅಂದರು.
ಕಲ್ಲಿಗೂ ವಿಷಕ್ಕೂ ಒಂದೇ ಮಾತು ಸಾಕೆಂದು
ಯಾವ ಯಂತ್ರ ಹೇಳಿತ್ತೋ ಅವರಿಗೆ.
ಬಣ್ಣವಿಲ್ಲ, ವಾಸನೆಯಿಲ್ಲ.
ಈ ಬೋರಿನ ನೀರು ಸಿಹಿಯೆಂದು
ತಾಂಡಾದಿಂದಲೂ ಕೊಡ ಹೊತ್ತು ಬರುತ್ತಾರೆ.

"ನಿನ್ನ ಮ್ಯಾಲ ಸಂಶೆ ಇಲ್ಲ ಬೇ ಶಹೀದಾ.
ಉಗುರು ಸಿಕ್ರ ಮಾಟ ಮಾಡಸ್ತಾರ ಮಂದಿ.
ರಾಯಚೂರಿಗೆ ಹೋಗಿ, ಹೈದರಾಬಾದಿಗೆ ಹೋಗಿ,
ಯಾರ ಕೈಯಾಗ ಬೀಳತೈತೋ."
ಯಾರ ಕೈಗೆಂದು ನನಗೂ ಗೊತ್ತಿಲ್ಲ.
ಆಮ್ಲದಲ್ಲಿ ಕರಗಿಸುತ್ತಾರೆ,
ಸೂರ್ಯನ ಮೈಗಿಂತ ಬಿಸಿಯಾದ ಉರಿಗೆ ಊದುತ್ತಾರೆ,
ಉಳಿದದ್ದನ್ನು ಕಣಕಣವಾಗಿ ಎಣಿಸುತ್ತಾರೆ.
ಮಾಟ ಅನ್ನದೆ ಇದನ್ನು ಹೇಗೆ ಹೇಳಲಿ?

ಎದ್ದು ಗೋಡೆಯ ಸಂದಿಗೆ ಕೈಹಾಕಿದಳು.
ಕೂದಲುಂಡೆ. ಮತ್ತೊಂದು. ಇನ್ನೂ ಒಂದು.
ಕೂದಲಿಗೆ ಡಬ್ಬಿ ಕೊಡುವ ಸೈಕಲ್ಲಿನವ
ಬರುವುದು ಬಿಟ್ಟ ಮೇಲೂ
ಬಾಚಿದಾಗೆಲ್ಲ ಸುತ್ತಿ ತುರುಕಿಟ್ಟದ್ದು.
"ಇದು ನಮ್ಮತ್ತಿದು, ಬೆಳ್ಳಗೈತಿ ನೋಡು.
ಇದು ನಂದು, ಬಾಣಂತನದಾಗ ಉದುರಿದ್ದು.
ಇದು ಬೋರು ಕೊರಸಿದ ವರ್ಷದ್ದು.
ಇದು ಗಿರಿಜಮ್ಮಂದು. ಇದನ್ನ ಒಯ್ಯಿ."

ಗಿರಿಜಮ್ಮ ನನ್ನ ಪಟ್ಟಿಯಲ್ಲಿರಲಿಲ್ಲ.
ಬಾಗಿಲ ಮೇಲಿನ ಫೋಟೋದಲ್ಲಿದ್ದಳು,
ಎರಡು ಜಡೆ, ಶಾಲೆಯ ರಿಬ್ಬನ್ನು.
"ಕೂದಲಕ್ಕ ಮಾಟ ಆಗೂದಿಲ್ಲೇನು?"
"ಸತ್ತವರಿಗೆ ಯಾರ ಏನ್ ಮಾಡ್ತಾರ?"

ನಿಯಮ: ಬುಡ ಯಾವುದು, ತುದಿ ಯಾವುದು ಗೊತ್ತಿರಬೇಕು.
ದಿನಾಂಕ ಇರಬೇಕು. ಕೊಟ್ಟವರ ಸಹಿ ಇರಬೇಕು.
ತಿಂಗಳಿಗೊಂದು ಸೆಂಟಿಮೀಟರಿನ ಲೆಕ್ಕಕ್ಕೆ
ಆ ಉಂಡೆಯೊಳಗೆ ಎಷ್ಟು ತಿಂಗಳ ಹುಡುಗಿ ಇದ್ದಳೋ,
ಎಲ್ಲಿಂದ ಬಿಡಿಸಿದರೂ ಸಿಕ್ಕು.
ಇದು ನಡೆಯೋದಿಲ್ಲ ಯಕ್ಕ, ಅನ್ನಬೇಕಿತ್ತು.
ಲಕೋಟೆ ಬಾಯಿ ತೆರೆದು ಹಿಡಿದೆ.
ನಂಬರು ಬರೆಯಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು
ತನ್ನ ಕಾಲ ಹೆಬ್ಬೆರಳನ್ನೇ ನೋಡಿಕೊಂಡಳು, ಬಹಳ ಹೊತ್ತು,
ಯಾರದೋ ಕಾಲೆಂಬಂತೆ.
"ಇವತ್ತು ಮಂಗಳವಾರ. ನಾಳೆ ಬಾ, ಕೊಡತೀನಿ."
ಆಮೇಲೆ, ಸಿಟ್ಟಿಲ್ಲದೆ, ಹಿಟ್ಟಿನ ಕೈ ಒರೆಸುತ್ತ:
"ಬಾಟಲಿ ತುಂಬಿಸಿಕೊಂಡು ಬಾ.
ನಮ್ಮ ನೀರು ನೀ ಕುಡಿಯೂದಿಲ್ಲ,
ಮೊದಲನೇ ದಿನಾನ ನೋಡೀನಿ."