ನೀಲಿ ಗಾಜು

ಮೊದಲ ದಿನ ಬೆಳಕು ಎಂದೆ.
ನಾಲ್ಕನೆಯ ದಿನ ಸೂರ್ಯ ಎಂದೆ.
ಹಿಂದಿನ ಬೆಂಚಿನಿಂದ ಹೆಪ್ಸಿಬಾ ಎದ್ದಳು:
‘ಹಾಗಾದರೆ ಮೂರು ದಿನ
ಆ ಬೆಳಕು ಯಾರ ಮನೆಯದು, ಅಂಕಲ್?’

ಸಂಡೇ ಸ್ಕೂಲಿನಲ್ಲಿ ನಗು.
ನಾನು ಕ್ರೇಯಾನು ಹಂಚಿದೆ. ಹೇಡಿತನ ಅದು.

ಮೂವತ್ತೊಂದು ವರ್ಷ ಭದ್ರಾವತಿಯ ಊದುಕುಲುಮೆಯೆದುರು
ನಿಂತವನು ನಾನು.
ಇಣುಕುಕಿಂಡಿಗೆ ನೀಲಿ ಗಾಜು ಹಿಡಿದು
ಒಳಗನ್ನು ನೋಡಿದ್ದೇನೆ:
ಅಲ್ಲಿ ಸೂರ್ಯನಿರಲಿಲ್ಲ, ಹಗಲಿತ್ತು.
ಕೆಮ್ಮಣ್ಣುಗುಂಡಿಯ ಕಲ್ಲು
ತಾನು ಕಲ್ಲೆಂಬುದನ್ನು ಮರೆಯುತ್ತಿತ್ತು.
ಪಾಳಿ ಮುಗಿದು ಹೊರಬಂದರೆ
ಹೊಳೆಯಾಚೆ ನಕ್ಷತ್ರ, ಎಣಿಸಲಾರದಷ್ಟು;
ಒಂದಕ್ಕೂ ಕಿಂಡಿಯಿಲ್ಲ.

ಮಗಳು ಕಾಲೇಜಿನ ಪುಸ್ತಕ ಓದಿ ಹೇಳಿದ್ದಳು:
ಕಬ್ಬಿಣ ಮೊದಲು ಬೆಂದದ್ದು ನಕ್ಷತ್ರದ ಹೊಟ್ಟೆಯಲ್ಲಂತೆ,
ಅದೇ ನಮ್ಮ ನೆತ್ತರಲ್ಲೂ ಇದೆಯಂತೆ.
ಆ ರಾತ್ರಿ ಊಟದ ಪ್ರಾರ್ಥನೆಯಲ್ಲಿ
ಮಾತು ಸಿಕ್ಕಿಹಾಕಿಕೊಂಡಿತು.
ಸಾರು ಆರಿತು.

ಮಣ್ಣಿನಿಂದ ಮಾಡಿದೆಯಂತೆ ನಮ್ಮನ್ನು, ಕರ್ತನೇ,
ಯಾವ ಮಣ್ಣು? ಎಷ್ಟು ಹಳೆಯದು?
ಕೇಳಿದರೆ ನಿನಗೆ ಸಿಟ್ಟೇ?
ಇಲ್ಲವೆಂದುಕೊಂಡಿದ್ದೇನೆ.
ನಮ್ಮ ಫೋರ್‌ಮನ್ ದೊರೆಸ್ವಾಮಿಯೂ
ಕಿಂಡಿಗೆ ಮುಖವಿಟ್ಟವನನ್ನು ಬೈಯುತ್ತಿರಲಿಲ್ಲ,
ಗಾಜಿಲ್ಲದೆ ಇಟ್ಟವನನ್ನು ಮಾತ್ರ.

ಮುಂದಿನ ಭಾನುವಾರ
ಟ್ರಂಕಿನ ತಳದಿಂದ ಗಾಜು ತಂದು ಅವಳ ಕೈಗಿಟ್ಟೆ.
‘ಗೊತ್ತಿಲ್ಲ ಮರಿ’ ಎಂದೆ. ‘ನೋಡು.’
ಅವಳು ಮೇಣದಬತ್ತಿ ನೋಡಿದಳು, ಬಲ್ಬು ನೋಡಿದಳು,
ಕೊನೆಗೆ ನನ್ನ ಮುಖ.
‘ಅಂಕಲ್, ನೀವು ಕಾಣ್ತಾನೇ ಇಲ್ಲ.’

ಗಾಜು ಇನ್ನೂ ವಾಪಸು ಬಂದಿಲ್ಲ.
ನಾನೂ ಕೇಳಿಲ್ಲ.